ಅಗಲಿದ ಸಹಪಾಠಿಗಳು ಮತ್ತು ನಮ್ಮಲ್ಲಿ ಉಳಿದಿರುವ ಸಾಕ್ಷ್ಯ

ಮನುಷ್ಯನ ಬದುಕಿನ ಸಂಬಂಧಗಳಲ್ಲಿ ಸಹಪಾಠಿಗಳ ಸಂಬಂಧಕ್ಕೆ ಒಂದು ವಿಶಿಷ್ಟ ಸ್ಥಾನವಿದೆ. ಅದು ರಕ್ತಸಂಬಂಧವಲ್ಲ, ಆದುದರಿಂದ ಆಸ್ತಿಯಲ್ಲಿ ಪಾಲು ಕೇಳುವುದಿಲ್ಲ. ವ್ಯಾಪಾರದ ಪಾಲುದಾರಿಕೆಯಲ್ಲ, ಆದುದರಿಂದ ಲೆಕ್ಕಪತ್ರ ಇಡುವುದಿಲ್ಲ. ಮೂರು ವರ್ಷ ಒಂದೇ ಕೋಣೆಯಲ್ಲಿ ಕುಳಿತವರು ಪರೀಕ್ಷೆ ಮುಗಿದ ಮರುದಿನವೇ ಒಬ್ಬೊಬ್ಬರು ಒಂದೊಂದು ದಿಕ್ಕಿಗೆ ಚದುರಿ ಹೋಗುತ್ತಾರೆ. ಆದರೂ ನಲವತ್ತು ವರ್ಷಗಳ ಬಳಿಕ ಯಾವುದೋ ನಿಕಾಹ್ ಸಮಾರಂಭದಲ್ಲಿ ಎದುರಾದಾಗ, ನರೆತ ಗಡ್ಡದ ಹಿಂದೆ ಅಡಗಿರುವ ಹದಿನೈದರ ಹುಡುಗನನ್ನು ಕ್ಷಣಾರ್ಧದಲ್ಲಿ ಗುರುತಿಸುವ ಕಣ್ಣು ಸಹಪಾಠಿಗೆ ಮಾತ್ರ ಇರುತ್ತದೆ.

ಅರುವತ್ತು ದಾಟಿದ ನಮ್ಮಂತಹವರಿಗೆ ಮರಣದ ಸುದ್ದಿ ಹೊಸತಲ್ಲ. ಆದರೆ ಅದು ಬರುವ ದಿಕ್ಕು ಬದಲಾಗಿದೆ. ನಮ್ಮ ಇಪ್ಪತ್ತರ ಪ್ರಾಯದಲ್ಲಿ ಅದು ಅಜ್ಜ ಅಜ್ಜಿಯರ ಮನೆಯಿಂದ ಬರುತ್ತಿತ್ತು. ನಲವತ್ತರಲ್ಲಿ ತಂದೆ ತಾಯಿಯರ ಕೋಣೆಯಿಂದ ಬಂತು. ಈಗ ನಮ್ಮದೇ ಬೆಂಚುಗಳಿಂದ ಬರುತ್ತಿದೆ. ಹತ್ತನೆಯ ತರಗತಿಯ ನಮ್ಮ ಕಪ್ಪುಬಿಳುಪು ಭಾವಚಿತ್ರದಲ್ಲಿರುವ ನಲವತ್ತೆರಡು ಮಂದಿಯ ಪೈಕಿ ಹನ್ನೊಂದು ಮಂದಿ ಇಂದು ಈ ಲೋಕದಲ್ಲಿಲ್ಲ. ಅವರ ಮೇಲೆ ಕಣ್ಣೀರು ಹರಿಸುವುದಕ್ಕಾಗಿ ಇದನ್ನು ಬರೆಯುತ್ತಿಲ್ಲ. ಅಗಲಿದ ಸಹಪಾಠಿಗೆ ನಮ್ಮ ಮೇಲೆ ಏನಾದರೂ ಹಕ್ಕಿದೆಯೇ, ಇದ್ದರೆ ಅದನ್ನು ಸಲ್ಲಿಸುವ ಬಗೆ ಯಾವುದು ಎಂಬುದು ನಮ್ಮ ನಡುವೆ ಕೆಲವು ಸಮಯದಿಂದ ಚರ್ಚೆಯಾಗುತ್ತಿದೆ. ಆ ಚರ್ಚೆಯ ಸಾರವನ್ನು ಓದುಗರೊಂದಿಗೆ ಹಂಚಿಕೊಳ್ಳುವುದು ಈ ಬರಹದ ಉದ್ದೇಶ.

ಎಪ್ಪತ್ತರ ದಶಕದ ಕೊನೆಯಲ್ಲಿ ನಾವು ಎಸ್ಸೆಸ್ಸೆಲ್ಸಿ ಮುಗಿಸಿದಾಗ ದಕ್ಷಿಣ ಕನ್ನಡ ಇನ್ನೂ ಅವಿಭಜಿತ ಜಿಲ್ಲೆಯಾಗಿತ್ತು. ಉಡುಪಿ ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ. ನಮ್ಮದು ಹಂಚಿನ ಮಾಡಿನ ಶಾಲೆ. ಜೂನ್ ತಿಂಗಳ ಮಳೆ ಆ ಹಂಚಿನ ಮೇಲೆ ಸುರಿಯತೊಡಗಿದರೆ ಅಧ್ಯಾಪಕರ ಸ್ವರ ಕೇಳಿಸುತ್ತಿರಲಿಲ್ಲ, ಬೋರ್ಡಿನಲ್ಲಿ ಬರೆದದ್ದನ್ನೇ ನಕಲು ಮಾಡಬೇಕಿತ್ತು. ಮನೆಯಲ್ಲಿ ಕೆಲವರು ಬ್ಯಾರಿ, ಕೆಲವರು ತುಳು, ಕೆಲವರು ಕೊಂಕಣಿ ಮಾತನಾಡುತ್ತಿದ್ದರು. ತರಗತಿಯೊಳಗೆ ಎಲ್ಲರದ್ದೂ ಕನ್ನಡ. ಅನೇಕರ ಶುಲ್ಕ, ಪುಸ್ತಕ, ಕೊಡೆಗಳೆಲ್ಲ ತಾಯಂದಿರು ಕಟ್ಟುತ್ತಿದ್ದ ಬೀಡಿಯ ಸಾವಿರದ ಲೆಕ್ಕದಿಂದ ಬರುತ್ತಿದ್ದವು. ಶುಕ್ರವಾರ ಜುಮಾ ನಮಾಝ್‌ಗೆ ಓಡಿ, ಓಡಿಯೇ ಮರಳುತ್ತಿದ್ದ ನಮಗೆ ಮಧ್ಯಾಹ್ನದ ಮೊದಲ ಪಾಠದ ಟಿಪ್ಪಣಿಯನ್ನು ಬರೆದಿಡುತ್ತಿದ್ದವನು ಒಬ್ಬ ಹಿಂದೂ ಸಹಪಾಠಿ. ಅವನು ಅದನ್ನು ಉಪಕಾರವೆಂದು ಎಂದೂ ಹೇಳಿಕೊಂಡವನಲ್ಲ.

ಶಾಲೆಯ ಬಳಿಕ ನಮ್ಮಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಕಾಲೇಜಿನ ಮೆಟ್ಟಿಲು ಹತ್ತಲಿಲ್ಲ. ಕೆಲವರು ಮೀನಿನ ದಕ್ಕೆಗೆ, ಕೆಲವರು ಮರದ ಡಿಪೋಗೆ, ಕೆಲವರು ಬೊಂಬಾಯಿಯ ಬಸ್ಸು ಹತ್ತಿ ಹೋಟೆಲು ಅಂಗಡಿಗಳಿಗೆ ಸೇರಿದರು. ಬೊಂಬಾಯಿಗೆ ಹೋದವರಲ್ಲಿ ಹಲವರು ಎಂಬತ್ತರ ದಶಕದಲ್ಲಿ ಅಲ್ಲಿಂದಲೇ ಗಲ್ಫ್ ದೇಶಗಳಿಗೆ ತೆರಳಿದರು. ದೂರವಾಣಿ ದುಬಾರಿಯಾಗಿದ್ದ ಆ ಕಾಲದಲ್ಲಿ ಊರಿಗೆ ಬರುವವರ ಕೈಯಲ್ಲಿ ತಮ್ಮ ಸ್ವರವನ್ನು ಕ್ಯಾಸೆಟ್ಟಿನಲ್ಲಿ ತುಂಬಿಸಿ ಕಳುಹಿಸುವ ರೂಢಿಯಿತ್ತು. ನಮ್ಮ ಒಬ್ಬ ಸಹಪಾಠಿಯ ಅಂತಹ ಒಂದು ಕ್ಯಾಸೆಟ್ಟು ಇಂದಿಗೂ ಅವನ ಮನೆಯ ಕಪಾಟಿನಲ್ಲಿದೆ. ಅದರಲ್ಲಿ ಅವನು ತಾಯಿಯ ಮಂಡಿನೋವು ವಿಚಾರಿಸುತ್ತಾನೆ, ತಮ್ಮನಿಗೆ ಶಾಲೆ ಬಿಡಬೇಡವೆಂದು ಗದರುತ್ತಾನೆ, ನಡುವೆ ನಮ್ಮಲ್ಲಿ ಕೆಲವರ ಹೆಸರು ಹಿಡಿದು ಸಲಾಂ ಹೇಳುತ್ತಾನೆ.

ಅವನು ಸೌದಿಯಲ್ಲಿಯೇ ತೀರಿಕೊಂಡನು. ಊರಿಗೆ ಮರಳಿ ನೆಲೆಸಬೇಕೆಂದು ಮನೆಯ ಮೇಲಂತಸ್ತು ಕಟ್ಟಿಸುತ್ತಿದ್ದ ವರ್ಷವದು. ಅವನ ಮಯ್ಯಿತನ್ನು ಅಲ್ಲಿನ ಮಣ್ಣೇ ಸ್ವೀಕರಿಸಿತು. ನಮ್ಮ ಊರಿನ ಮಸೀದಿಯಲ್ಲಿ ಜುಮಾದ ಬಳಿಕ ಅವನ ಹೆಸರಿನಲ್ಲಿ ಗಾಯಿಬ್ ಜನಾಝಾ ನಮಾಝ್ ನಡೆಯಿತು. ಅಬಿಸೀನಿಯದ ದೊರೆ ನಜ್ಜಾಶಿ ಮರಣ ಹೊಂದಿದ ಸುದ್ದಿಯನ್ನು ತಿಳಿಸಿ ಪ್ರವಾದಿವರ್ಯರು(ಸ) ಮದೀನದಲ್ಲಿ ಸಹಾಬಿಗಳನ್ನು ಸಾಲುಗೂಡಿಸಿ ನಾಲ್ಕು ತಕ್ಬೀರ್‌ಗಳೊಂದಿಗೆ ನಮಾಝ್ ನಿರ್ವಹಿಸಿದ ಘಟನೆಯೇ ಇದಕ್ಕೆ ಆಧಾರ. ಕರಾವಳಿಯಲ್ಲಿ ಹೆಚ್ಚು ಪ್ರಚಲಿತವಾಗಿರುವ ಶಾಫಿಈ ಮದ್‌ಹಬ್‌ನಲ್ಲಿ ಇದಕ್ಕೆ ಅನುಮತಿಯಿದೆ; ಹನಫಿ ವಿದ್ವಾಂಸರ ಅಭಿಪ್ರಾಯ ಭಿನ್ನವಾಗಿದೆ. ನಮ್ಮ ತರಗತಿಯ ಹನಫಿ ಸ್ನೇಹಿತರು ಅಂದು ಸಾಲಿನಲ್ಲಿ ನಿಲ್ಲಲಿಲ್ಲ. ಹಿಂದೆ ಕುಳಿತು ದೀರ್ಘವಾಗಿ ದುಆ ಮಾಡಿದರು. ನಮಾಝ್ ಮುಗಿದಾಗ ಎರಡೂ ಕಡೆಯವರ ಕಣ್ಣುಗಳು ಒದ್ದೆಯಾಗಿದ್ದವು.

ಇನ್ನೊಬ್ಬನು 2021ರ ಎರಡನೆಯ ಅಲೆಯಲ್ಲಿ ಹೋದನು. ಜೀವನವಿಡೀ ಊರಿನ ಯಾವ ಜನಾಝಾವನ್ನೂ ತಪ್ಪಿಸದೆ ಹೆಗಲು ಕೊಟ್ಟವನಿಗೆ ಹೆಗಲು ಕೊಡುವ ಅವಕಾಶ ನಮಗೆ ದೊರೆಯಲಿಲ್ಲ. ಮೈಯೆಲ್ಲ ಮುಚ್ಚಿದ ರಕ್ಷಾಕವಚ ತೊಟ್ಟ ಊರಿನ ತರುಣರು ಅವನನ್ನು ಕಬರಿಗೆ ಇಳಿಸಿದರು. ಜನಾಝಾ ಸಂಸ್ಕಾರವು ಫರ್ಝ್ ಕಿಫಾಯ, ಅಂದರೆ ಸಮುದಾಯದ ಕೆಲವರು ನಿರ್ವಹಿಸಿದರೆ ಉಳಿದವರ ಹೊಣೆ ನೀಗುತ್ತದೆ ಎಂಬುದನ್ನು ಮದ್ರಸದಲ್ಲಿ ಕಂಠಪಾಠ ಮಾಡಿದ್ದೆವು. ಅದರೊಳಗಿನ ಕರುಣೆ ಅರ್ಥವಾದದ್ದು ಆ ದಿನ. ಮನೆಯೊಳಗೆ ಬಂಧಿಗಳಾಗಿದ್ದ ನೂರಾರು ಮಂದಿಯ ಪರವಾಗಿ ಆ ನಾಲ್ಕು ಮಂದಿ ಅಪರಿಚಿತ ಹುಡುಗರು ನಮ್ಮ ಸ್ನೇಹಿತನ ಹಕ್ಕನ್ನು ಸಲ್ಲಿಸಿದ್ದರು.

ಶುಕ್ರವಾರದ ಟಿಪ್ಪಣಿ ಬರೆದಿಡುತ್ತಿದ್ದ ಸಹಪಾಠಿಯೂ ಈಗಿಲ್ಲ. ಅವನು ಹಳ್ಳಿಯ ಪ್ರಾಥಮಿಕ ಶಾಲೆಯಲ್ಲಿ ಅಧ್ಯಾಪಕನಾಗಿ ನಿವೃತ್ತನಾದವನು. ಒಮ್ಮೆ ಯಹೂದಿಯೊಬ್ಬನ ಶವಯಾತ್ರೆ ಸಾಗಿದಾಗ ಪ್ರವಾದಿವರ್ಯರು(ಸ) ಎದ್ದು ನಿಂತರು. ಅದು ಯಹೂದಿಯದ್ದೆಂದು ಸಂಗಡಿಗರು ನೆನಪಿಸಿದಾಗ, ಅದೂ ಒಂದು ಜೀವವಲ್ಲವೇ ಎಂಬರ್ಥದಲ್ಲಿ ಅವರು ಮರುಪ್ರಶ್ನಿಸಿದರು. ಗುರುತೇ ಇಲ್ಲದ ಜೀವಕ್ಕೆ ಎದ್ದು ನಿಲ್ಲುವ ಗೌರವವಿದ್ದರೆ, ಮೂರು ವರ್ಷ ನಮ್ಮ ಪಾಠವನ್ನು ಕಾದುಕೊಂಡವನಿಗೆ ಎಷ್ಟಿರಬೇಕು! ಸುದ್ದಿ ತಿಳಿದ ದಿನವೇ ನಾವು ಅವನ ಮನೆಯಂಗಳದಲ್ಲಿ ಕುಳಿತಿದ್ದೆವು. ಅವನ ಮಡದಿ ನಮ್ಮನ್ನು ಒಬ್ಬೊಬ್ಬರನ್ನಾಗಿ ಹೆಸರು ಹಿಡಿದು ಗುರುತಿಸಿದರು. ನಾವು ಅವರನ್ನು ಹೆಚ್ಚು ಬಾರಿ ಕಂಡವರಲ್ಲ. ನಮ್ಮ ಹೆಸರುಗಳನ್ನು ಅವನು ಮನೆಯಲ್ಲಿ ಅಷ್ಟು ಸಲ ಹೇಳಿದ್ದನು.

ಇಷ್ಟರ ತನಕ ನಾವು ಮಾಡಿದ್ದೆಲ್ಲ ಎಲ್ಲರೂ ಮಾಡುವಂತಹದ್ದೇ: ಸುದ್ದಿ ಬಂದಾಗ ಇನ್ನಾಲಿಲ್ಲಾಹ್ ಹೇಳುವುದು, ಜನಾಝಾದಲ್ಲಿ ಭಾಗವಹಿಸುವುದು, ಮನೆಯವರನ್ನು ಸಂತೈಸುವುದು, ದುಆ ಮಾಡುವುದು. ಇದಕ್ಕಿಂತ ಹೆಚ್ಚಿನದೊಂದು ಹೊಣೆ ಸಹಪಾಠಿಗಳಿಗಿದೆ ಎಂಬುದನ್ನು ನಮಗೆ ತೋರಿಸಿಕೊಟ್ಟವನು ಒಬ್ಬ ತರುಣ.

ನಮ್ಮ ತರಗತಿಯದ್ದೊಂದು ವಾಟ್ಸಾಪ್ ಗುಂಪಿದೆ. ಅಗಲಿದವರ ಸಂಖ್ಯೆಗಳನ್ನು ಅದರಿಂದ ತೆಗೆಯಲು ಯಾರಿಗೂ ಮನಸ್ಸು ಬಂದಿಲ್ಲ. ಒಂದು ರಾತ್ರಿ, ತೀರಿಕೊಂಡು ಆರು ತಿಂಗಳಾಗಿದ್ದ ಸ್ನೇಹಿತನ ಸಂಖ್ಯೆಯಿಂದ ಸಂದೇಶವೊಂದು ಬಂತು. ಅವನ ಮಗ ಬರೆದಿದ್ದನು. ಸಲಾಂ ತಿಳಿಸಿ, ತಂದೆಯ ಮೊಬೈಲು ತನ್ನ ಬಳಿಯಿದೆಯೆಂದು ಹೇಳಿ, ಒಂದೇ ಒಂದು ಪ್ರಶ್ನೆ ಕೇಳಿದ್ದನು: ನನ್ನ ತಂದೆ ನಿಮ್ಮ ಜೊತೆ ಓದುತ್ತಿದ್ದಾಗ ಹೇಗಿದ್ದರು?

ಆ ಪ್ರಶ್ನೆಯ ಮುಂದೆ ನಾವೆಲ್ಲ ಸ್ವಲ್ಪ ಹೊತ್ತು ಮೌನವಾದೆವು. ಆ ಮಗನಿಗೆ ತನ್ನ ತಂದೆ ಗೊತ್ತಿರುವುದು ಎರಡು ವರ್ಷಕ್ಕೊಮ್ಮೆ ರಜೆಯಲ್ಲಿ ಬರುವ, ಪೆಟ್ಟಿಗೆ ತುಂಬ ಸಾಮಾನು ತರುವ, ಹೆಚ್ಚು ಮಾತನಾಡದ, ದಣಿದ ಮನುಷ್ಯನಾಗಿ. ಅವನ ಅಜ್ಜ ಅಜ್ಜಿ ತೀರಿಹೋಗಿದ್ದಾರೆ. ತಾಯಿ ಆ ಮನೆಗೆ ಬಂದದ್ದು ತಂದೆಯ ಇಪ್ಪತ್ತೆಂಟನೆಯ ವರ್ಷದಲ್ಲಿ. ಹಾಗಾದರೆ ಹದಿನೈದರ ಆ ಹುಡುಗನನ್ನು ಕಂಡವರು ಇಂದು ಯಾರಿದ್ದಾರೆ? ನಾವು ಕೆಲವರು ಮಾತ್ರ. ನಾವೂ ಹೋದರೆ ಅವನ ಬಾಲ್ಯಕ್ಕೆ ಈ ಭೂಮಿಯ ಮೇಲೆ ಸಾಕ್ಷಿಗಳೇ ಉಳಿಯುವುದಿಲ್ಲ.

ನಾವು ಬರೆದೆವು. ಅವನ ತಂದೆಗೆ ರೇಖಾಗಣಿತ ಒಲಿದಿತ್ತು. ಪೈಥಾಗೊರಸ್‌ನ ಪ್ರಮೇಯ ನಮ್ಮ ತಲೆಗೆ ಹತ್ತದಿದ್ದಾಗ ಅವನು ಶಾಲೆಯ ಜಗಲಿಯಲ್ಲಿ ತೆಂಗಿನ ಗರಿಯ ಕಡ್ಡಿಗಳನ್ನು ಮೂರು, ನಾಲ್ಕು, ಐದು ಗೇಣಿನ ಅಳತೆಗೆ ಮುರಿದು ಜೋಡಿಸಿ, ನೋಡಿ, ಮೂಲೆ ತಾನಾಗಿಯೇ ನೇರವಾಯಿತು ಎಂದು ತೋರಿಸಿದ್ದನು. ಮಗನ ಉತ್ತರ ಬಹಳ ಹೊತ್ತಿನ ಬಳಿಕ ಬಂತು. ಗಾರೆ ಕೆಲಸದ ಮೇಸ್ತ್ರಿಯಾಗಿದ್ದ ತಂದೆ ಮನೆಯ ಪಂಚಾಂಗಕ್ಕೆ ಹಗ್ಗ ಕಟ್ಟುವಾಗ ಮೂರಡಿ, ನಾಲ್ಕಡಿ, ಐದಡಿ ಗುರುತು ಹಾಕಿ ಮೂಲೆ ಸರಿಪಡಿಸುವುದನ್ನು ಅವನು ರಜೆಯಲ್ಲಿ ಕಂಡಿದ್ದನು. ಈಗ ಕಟ್ಟಡದ ಕೆಲಸದಲ್ಲಿರುವ ಅವನೂ ಹಾಗೆಯೇ ಮಾಡುತ್ತಾನೆ. ಅದು ಗಲ್ಫಿನಲ್ಲಿ ಕಲಿತ ವಿದ್ಯೆಯೆಂದು ಭಾವಿಸಿದ್ದನಂತೆ. ಅದರ ಬೇರು ನಮ್ಮ ಶಾಲೆಯ ಜಗಲಿಯಲ್ಲಿತ್ತು. ಮನುಷ್ಯ ಮರಣ ಹೊಂದಿದಾಗ ಅವನ ಕರ್ಮಗಳು ನಿಂತುಹೋಗುತ್ತವೆ; ನಿರಂತರ ದಾನ, ಪ್ರಯೋಜನಕಾರಿ ಜ್ಞಾನ ಮತ್ತು ತನಗಾಗಿ ಪ್ರಾರ್ಥಿಸುವ ಸಜ್ಜನ ಸಂತಾನ ಎಂಬ ಮೂರು ಮಾತ್ರ ಉಳಿಯುತ್ತವೆ ಎಂದು ಪ್ರವಾದಿವರ್ಯರು(ಸ) ಕಲಿಸಿದ್ದಾರೆ. ಕಡ್ಡಿಗಳನ್ನು ಜೋಡಿಸಿದ ಆ ಕೈಗೆ ಈ ಮೂರರಲ್ಲಿ ಎರಡು ದೊರೆತಿರಲಿ ಎಂದು ನಾವು ಆಶಿಸುತ್ತೇವೆ.

ಸಾಕ್ಷ್ಯ ಎಂಬ ಪದವನ್ನು ನಾವು ಹಗುರವಾಗಿ ಬಳಸುತ್ತಿಲ್ಲ. ಒಂದು ಜನಾಝಾ ಹಾದುಹೋದಾಗ ಸಹಾಬಿಗಳು ಆ ವ್ಯಕ್ತಿಯ ಒಳಿತನ್ನು ಹೇಳಿದರು. ಇನ್ನೊಂದು ಹಾದುಹೋದಾಗ ಕೆಡುಕನ್ನು ಹೇಳಿದರು. ಎರಡೂ ಸಂದರ್ಭಗಳಲ್ಲಿ ಪ್ರವಾದಿವರ್ಯರು(ಸ) ಅದು ಖಚಿತವಾಯಿತು ಎಂದು ನುಡಿದು, ವಿಶ್ವಾಸಿಗಳು ಭೂಮಿಯ ಮೇಲೆ ಅಲ್ಲಾಹನ ಸಾಕ್ಷಿಗಳೆಂದು ವಿವರಿಸಿದರು. ಈ ಹದೀಸನ್ನು ಅರಿತವನು ಮೃತರ ಕುರಿತು ಬಾಯಿ ತೆರೆಯುವಾಗ ನ್ಯಾಯಾಲಯದ ಕಟಕಟೆಯಲ್ಲಿ ನಿಂತವನಂತೆ ಎಚ್ಚರದಿಂದಿರುತ್ತಾನೆ. ಇಲ್ಲದ ಗುಣವನ್ನು ಆರೋಪಿಸಿದರೆ ಅದು ಸುಳ್ಳು ಸಾಕ್ಷ್ಯ. ಕಂಡ ಒಳಿತನ್ನು ಹೇಳದೆ ನುಂಗಿದರೆ ಅದು ಸಾಕ್ಷ್ಯವನ್ನು ಬಚ್ಚಿಡುವುದು.

ಇದು ಎಲ್ಲರ ವಿಷಯದಲ್ಲೂ ಸುಲಭವಲ್ಲ. ನಮ್ಮ ಹನ್ನೊಂದು ಮಂದಿಯಲ್ಲಿ ಒಬ್ಬನ ಕೊನೆಯ ವರ್ಷಗಳು ಕಹಿಯಾಗಿದ್ದವು. ಕೆಟ್ಟ ಚಟಗಳು ಅವನ ಮನೆಯನ್ನು ಒಡೆದವು. ಊರಿನಲ್ಲಿ ಅವನ ಹೆಸರು ಎತ್ತಿದರೆ ಜನರು ಮಾತು ಬದಲಿಸುತ್ತಿದ್ದರು. ಅವನ ಮಗಳ ನಿಕಾಹ್‌ನ ದಿನ ನಮ್ಮಲ್ಲಿ ಇಬ್ಬರು ಹೋದರು. ಆಕೆಗೆ ತಂದೆಯ ಬಗ್ಗೆ ಏನು ಹೇಳಬೇಕು ಎಂಬ ಪ್ರಶ್ನೆ ದಾರಿಯುದ್ದಕ್ಕೂ ಅವರನ್ನು ಕಾಡಿತ್ತು. ಮೃತರನ್ನು ನಿಂದಿಸಬಾರದು, ಅವರು ತಾವು ಕಳುಹಿಸಿದ್ದರ ಬಳಿಗೆ ತಲುಪಿಯಾಗಿದೆ ಎಂಬುದು ಪ್ರವಾದಿ ಬೋಧನೆ. ಹಾಗೆಂದು ಆಕೆ ಕಣ್ಣಾರೆ ಕಂಡದ್ದನ್ನು ಇಲ್ಲವೆಂದು ಹೇಳುವಂತೆಯೂ ಇರಲಿಲ್ಲ. ಕೊನೆಗೆ ಅವರು ತಾವು ಕಂಡದ್ದೊಂದನ್ನು ಹೇಳಿದರು: ನಮ್ಮ ತರಗತಿಯಲ್ಲಿ ಪೋಲಿಯೋದಿಂದ ಒಂದು ಕಾಲು ಸೋತ ಹುಡುಗನೊಬ್ಬನಿದ್ದನು. ಅವನನ್ನು ಒಂಬತ್ತನೆಯ ತರಗತಿಯ ಇಡೀ ಮಳೆಗಾಲ ಸೈಕಲ್ಲಿನ ಹಿಂದೆ ಕುಳ್ಳಿರಿಸಿ ಶಾಲೆಗೆ ಕರೆತಂದವನು ನಿನ್ನ ತಂದೆ. ಏರು ಬಂದಲ್ಲಿ ಇಳಿದು ತಳ್ಳುತ್ತಿದ್ದನು. ಆ ಹುಡುಗ ಇಂದು ನಾನೇ ಎಂದು ಇಬ್ಬರಲ್ಲಿ ಒಬ್ಬರು ತಮ್ಮ ಊರುಗೋಲನ್ನು ತೋರಿಸಿದರು. ತಂದೆಯ ಬಗ್ಗೆ ಒಂದು ಒಳ್ಳೆಯ ಮಾತನ್ನು ಪರರ ಬಾಯಿಂದ ತಾನು ಕೇಳಿದ್ದು ಇದೇ ಮೊದಲು ಎಂದು ಆ ಮಗಳು ಹೇಳಿದಳು.

ಅವನ ಲೆಕ್ಕವನ್ನು ತೂಗುವವನು ಅಲ್ಲಾಹನು. ತಕ್ಕಡಿಯ ಯಾವ ತಟ್ಟೆ ಭಾರವೆಂಬುದು ನಮ್ಮ ಅಧಿಕಾರಕ್ಕೆ ಸೇರಿದ್ದಲ್ಲ. ನಮ್ಮ ಪಾಲಿನದು ಇಷ್ಟೇ: ನಾವು ಕಂಡ ಒಂದು ಸತ್ಯವನ್ನು ಕಳೆದುಹೋಗಲು ಬಿಡದೆ ಹಕ್ಕುದಾರರಿಗೆ ತಲುಪಿಸುವುದು.

ಸಾಕ್ಷ್ಯಕ್ಕೆ ಇನ್ನೊಂದು ಮುಖವಿದೆ, ಅದು ಸಾಲದ್ದು. ನಮ್ಮವರ ನಡುವೆ ಕೈಸಾಲಗಳು ಕಾಗದದಲ್ಲಿ ಇರುವುದು ಅಪರೂಪ. ವೀಸಾಕ್ಕೆಂದು, ತಂಗಿಯ ಮದುವೆಗೆಂದು, ಆಸ್ಪತ್ರೆಗೆಂದು ಕೊಟ್ಟದ್ದು ಮತ್ತು ಪಡೆದದ್ದು ಇಬ್ಬರಿಗೆ, ಹೆಚ್ಚೆಂದರೆ ಒಬ್ಬ ಸ್ನೇಹಿತನಿಗೆ ತಿಳಿದಿರುತ್ತದೆ. ಮೃತನ ಆಸ್ತಿಯಲ್ಲಿ ಅಂತ್ಯಸಂಸ್ಕಾರದ ಖರ್ಚಿನ ಬಳಿಕ ಮೊದಲ ಹಕ್ಕು ಸಾಲದ್ದು. ಅನಂತರ ಮೂರನೇ ಒಂದು ಭಾಗವನ್ನು ಮೀರದ ವಸಿಯ್ಯತ್. ಆಮೇಲಷ್ಟೇ ವಾರಸುದಾರರ ಪಾಲು. ಸಾಲ ಉಳಿಸಿ ತೀರಿಕೊಂಡವರೊಬ್ಬರ ಜನಾಝಾ ಬಂದಾಗ ಪ್ರವಾದಿವರ್ಯರು(ಸ) ತಾವು ನಮಾಝ್ ನಿರ್ವಹಿಸದೆ ಸಂಗಡಿಗರಿಗೆ ಒಪ್ಪಿಸಿದರು. ಅಬೂ ಕತಾದ(ರ) ಆ ಕೆಲವೇ ದೀನಾರ್‌ಗಳ ಹೊಣೆಯನ್ನು ತಾವು ವಹಿಸಿಕೊಂಡ ಬಳಿಕವೇ ಮುಂದೆ ಬಂದರು. ಸ್ನೇಹವೆಂದರೆ ಇದು. ಮೃತ ಸ್ನೇಹಿತ ಯಾರಿಗಾದರೂ ಕೊಡಬೇಕಿದ್ದುದು ನಮಗೆ ಗೊತ್ತಿದ್ದರೆ ಮಕ್ಕಳಿಗೆ ಮೃದುವಾಗಿ ತಿಳಿಸಬೇಕು. ಯಾರಿಂದಲಾದರೂ ಬರಬೇಕಿದ್ದರೆ ವಿಧವೆಯ ಪರವಾಗಿ ನಿಲ್ಲಬೇಕು. ಮಕ್ಕಳಿಗೆ ಶಕ್ತಿಯಿಲ್ಲದಿದ್ದರೆ ತರಗತಿಯವರು ಸೇರಿ ತೀರಿಸಬಹುದು. ನಮ್ಮ ಒಬ್ಬ ಸ್ನೇಹಿತನ ಅಂಗಡಿಯ ಬಾಕಿಯನ್ನು ಹಾಗೆ ತೀರಿಸಿದಾಗ, ಅಂಗಡಿಯವರು ಪುಸ್ತಕದಲ್ಲಿನ ಅವನ ಹೆಸರಿನ ಮೇಲೆ ಗೆರೆ ಎಳೆದು, ಅವನಿಗಾಗಿ ದುಆ ಮಾಡಿದರು.

ನಮ್ಮ ಭಾವಚಿತ್ರದಲ್ಲಿ ಇಲ್ಲದ ಒಂದು ಮುಖದ ಕುರಿತೂ ಹೇಳಬೇಕು. ಎಂಟನೆಯ ತರಗತಿಯಲ್ಲಿ ನಮ್ಮ ಜೊತೆ ಇಬ್ಬರು ಮುಸ್ಲಿಮ್ ಹುಡುಗಿಯರಿದ್ದರು. ಹತ್ತಕ್ಕೆ ತಲುಪಿದ್ದು ಒಬ್ಬಳೇ. ಇನ್ನೊಬ್ಬಳು ಕನ್ನಡದಲ್ಲಿ ತರಗತಿಗೇ ಮೊದಲಿಗಳಾಗಿದ್ದರೂ ಒಂಬತ್ತರಲ್ಲಿಯೇ ಅವಳ ಶಾಲೆ ನಿಂತಿತು. ಆ ಕಾಲದಲ್ಲಿ ಅದು ಯಾರಿಗೂ ಆಶ್ಚರ್ಯದ ಸಂಗತಿಯಾಗಿರಲಿಲ್ಲ. ಬೀಡಿ ಕಟ್ಟುತ್ತಲೇ ತನ್ನ ಮೂವರು ಹೆಣ್ಣುಮಕ್ಕಳನ್ನು ಪದವಿಯವರೆಗೆ ಓದಿಸಿದ ಆಕೆ ಕೆಲವು ವರ್ಷಗಳ ಹಿಂದೆ ಕ್ಯಾನ್ಸರಿನಿಂದ ತೀರಿಕೊಂಡರು. ನಮ್ಮ ತರಗತಿಯ ಸಹೋದರಿಯರು ಇಂದಿಗೂ ಪ್ರತಿ ಹಬ್ಬಕ್ಕೆ ಆಕೆಯ ಮಕ್ಕಳ ಮನೆಗೆ ಹೋಗುತ್ತಾರೆ. ಹಝ್ರತ್ ಖದೀಜಾ(ರ) ಮರಣ ಹೊಂದಿ ವರ್ಷಗಳಾದ ಮೇಲೂ, ಮನೆಯಲ್ಲಿ ಆಡು ಕಡಿದಾಗ ಪ್ರವಾದಿವರ್ಯರು(ಸ) ಅದರ ಪಾಲನ್ನು ಖದೀಜಾರ ಗೆಳತಿಯರಿಗೆ ಕಳುಹಿಸುತ್ತಿದ್ದರು. ಅಗಲಿದವರ ಪ್ರೀತಿ ಅವರ ಗೆಳೆತನದ ದಾರಿಯಲ್ಲಿ ಮುಂದುವರಿಯುತ್ತದೆ ಎಂಬುದಕ್ಕೆ ಇದಕ್ಕಿಂತ ಸುಂದರ ಮಾದರಿ ಬೇರೆಲ್ಲಿದೆ?

ಈ ದಾರಿ ಎರಡೂ ಕಡೆಯಿಂದ ತೆರೆದಿರಬೇಕು. ಅಬ್ದುಲ್ಲಾ ಬಿನ್ ಉಮರ್(ರ) ಮಕ್ಕಾದ ಹಾದಿಯಲ್ಲಿ ಒಬ್ಬ ಗ್ರಾಮೀಣ ಅರಬನನ್ನು ಕಂಡು ಸಲಾಂ ಹೇಳಿ, ತಮ್ಮ ಸವಾರಿಯ ಕತ್ತೆಯನ್ನೂ ತಲೆಯ ಮುಂಡಾಸನ್ನೂ ಅವನಿಗೆ ಕೊಟ್ಟುಬಿಟ್ಟರು. ಇಂತಹವರಿಗೆ ಅಲ್ಪವೂ ಸಾಕಾಗುತ್ತಿತ್ತಲ್ಲ ಎಂದು ಜೊತೆಗಿದ್ದವರು ಅಚ್ಚರಿಪಟ್ಟಾಗ, ಅವನ ತಂದೆ ತಮ್ಮ ತಂದೆ ಉಮರ್(ರ)ರ ಆಪ್ತರಾಗಿದ್ದರು, ತಂದೆಯ ಸ್ನೇಹಿತರೊಂದಿಗಿನ ಸಂಬಂಧವನ್ನು ಉಳಿಸಿಕೊಳ್ಳುವುದು ಶ್ರೇಷ್ಠ ಪುಣ್ಯಕಾರ್ಯವೆಂದು ಪ್ರವಾದಿವರ್ಯರು(ಸ) ಕಲಿಸಿದ್ದಾರೆ ಎಂದು ಉತ್ತರಿಸಿದರು. ತಂದೆ ತಾಯಿಯನ್ನು ಕಳೆದುಕೊಂಡ ಯುವ ಓದುಗರು ಇದನ್ನು ವಿಶೇಷವಾಗಿ ಗಮನಿಸಬೇಕು. ನಿಮ್ಮ ಪೋಷಕರ ಸೇವೆಯ ಬಾಗಿಲು ಕಬರಿನೊಂದಿಗೆ ಮುಚ್ಚಿಲ್ಲ. ಅವರ ಮೊಬೈಲಿನಲ್ಲಿ ಉಳಿದಿರುವ ಹೆಸರುಗಳಿಗೆ ಒಮ್ಮೆ ಕರೆ ಮಾಡಿರಿ. ಅವರ ಶಾಲೆಯ ಸಂಗಾತಿಗಳ ಬಳಿ ಹೋಗಿ ಕುಳಿತು ಕೇಳಿರಿ. ನೀವು ಎಂದೂ ಕಾಣದ ನಿಮ್ಮ ತಂದೆ, ನೀವು ಎಂದೂ ಕಾಣದ ನಿಮ್ಮ ತಾಯಿ ಅಲ್ಲಿ ದೊರೆಯಬಹುದು.

ನಮ್ಮ ಪ್ರಾಯದ ಓದುಗರಲ್ಲಿಯೂ ಒಂದು ವಿನಂತಿ. ಅಗಲಿದ ಸಹಪಾಠಿಗಳ ಹೆಸರುಗಳನ್ನು ಒಂದು ಹಾಳೆಯಲ್ಲಿ ಬರೆಯಿರಿ. ಪ್ರತಿಯೊಬ್ಬರ ಹೆಸರಿನ ಮುಂದೆ, ನೀವೇ ಕಂಡ ಒಂದು ಒಳಿತನ್ನು ಬರೆಯಿರಿ. ಅದನ್ನು ಅವರ ಮಕ್ಕಳಿಗೆ ತಲುಪಿಸಿರಿ. ನಮ್ಮ ಮರೆವು ದಿನದಿಂದ ದಿನಕ್ಕೆ ಬೆಳೆಯುತ್ತಿದೆ, ನಮ್ಮ ಸರದಿಯೂ ದೂರವಿಲ್ಲ. ಸಾಧ್ಯವಾದರೆ ಓದಿದ ಶಾಲೆಯಲ್ಲಿ ಒಂದು ಬಡ ಮಗುವಿನ ಪುಸ್ತಕದ ಖರ್ಚನ್ನು ಅವರ ಪರವಾಗಿ ವಹಿಸಿಕೊಳ್ಳಿರಿ. ನಮ್ಮ ತರಗತಿಯವರು ಪ್ರತಿ ಜೂನ್ ತಿಂಗಳಲ್ಲಿ ಇದನ್ನು ಮಾಡುತ್ತಿದ್ದಾರೆ; ಪುಸ್ತಕದ ಮೇಲೆ ಯಾರ ಹೆಸರನ್ನೂ ಅಚ್ಚು ಹಾಕಿಸುವುದಿಲ್ಲ.

ಕರುಣಾಮಯನಾದ ಅಲ್ಲಾಹನು ನಮ್ಮೊಂದಿಗೆ ಓದಿ ನಮಗಿಂತ ಮುಂಚೆ ತೆರಳಿದ ವಿಶ್ವಾಸಿಗಳ ಪಾಪಗಳನ್ನು ಮನ್ನಿಸಲಿ, ಅವರ ಕಬರುಗಳನ್ನು ವಿಶಾಲಗೊಳಿಸಲಿ. ನಮ್ಮೊಂದಿಗೆ ಒಳಿತಿನಿಂದ ವರ್ತಿಸಿದ ಎಲ್ಲ ಸಹಪಾಠಿಗಳ ಕುಟುಂಬಗಳಿಗೆ ನೆಮ್ಮದಿಯನ್ನು ಕರುಣಿಸಲಿ. ನಾವು ಕಂಡದ್ದನ್ನು ಸತ್ಯವಾಗಿ ಹೇಳುವ ನಾಲಗೆಯನ್ನೂ, ನಮ್ಮ ಬಗ್ಗೆ ಇತರರು ಹೇಳಬಹುದಾದ ಒಂದಾದರೂ ಒಳಿತನ್ನು ಗಳಿಸುವ ಆಯುಷ್ಯವನ್ನೂ ನಮಗೆ ದಯಪಾಲಿಸಲಿ. ಆಮೀನ್.